ಚೀಟಿ ಬರೆದುಕೊಟ್ಟ ಮೇಲೆ ಮಗುವಿಗೆ ಏನಾಗುತ್ತದೆ?

2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣವಿತ್ತು. ಕಲಬುರಗಿ ಜಿಲ್ಲೆಯ ತಾಜಸುಲ್ತಾನಪುರದಲ್ಲಿ ಕೆಲವು ತಂದೆತಾಯಂದಿರು ಅಂಗವೈಕಲ್ಯವಿರುವ ತಮ್ಮ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಗ್ರಹಣ ಬಿಡುವವರೆಗೆ ಹಾಗೆ ಇಟ್ಟರೆ ಕೈಕಾಲುಗಳಿಗೆ ಬಲ ಬರುತ್ತದೆ ಎಂಬ ನಂಬಿಕೆ. ತಲೆ ಮಾತ್ರ ಹೊರಗಿದ್ದ ಆ ಮಕ್ಕಳ ಚಿತ್ರಗಳು ಅಂದೇ ದೇಶವನ್ನೆಲ್ಲ ಸುತ್ತಿದವು. ಅಧಿಕಾರಿಗಳು ಧಾವಿಸಿದರು, ಮೌಢ್ಯದ ಬಗ್ಗೆ ನಾಲ್ಕು ದಿನ ಚರ್ಚೆಯಾಯಿತು, ಆಮೇಲೆ ಎಲ್ಲವೂ ತಣ್ಣಗಾಯಿತು.

ಅಂದು ಗುರುವಾರ. ಮಣ್ಣಿನಿಂದ ಹೊರತೆಗೆದ ಆ ಮಕ್ಕಳನ್ನು ಮುಂದಿನ ಸೋಮವಾರ ಎಲ್ಲಿಗೆ ಕರೆದೊಯ್ಯಬೇಕಿತ್ತು ಎಂದು ಕೇಳಿದವರನ್ನು ನಾನು ಕಾಣಲಿಲ್ಲ. ಮಗುವಿಗೆ ಕತ್ತು ನಿಲ್ಲಲಿಲ್ಲವೆಂದು ಗೊತ್ತಾದ ದಿನದಿಂದ ಊರಿನ ವೈದ್ಯರು, ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಹರಕೆ, ತಾಯಿತ ಎಂದು ಸುತ್ತಿ ಸುತ್ತಿ, ಎಲ್ಲೆಡೆಯಿಂದಲೂ ‘ಮುಂದಕ್ಕೆ ತೋರಿಸಿ’ ಎಂಬ ಮಾತನ್ನೇ ಕೇಳಿ ಬಂದವರಿಗೆ ಕೊನೆಗೆ ಉಳಿಯುವುದು ಇಂಥ ಗುಂಡಿಯೇ. ಆ ತಂದೆತಾಯಂದಿರನ್ನು ಬೈಯುವುದು ಸುಲಭ. ಅವರ ಕೈಗೆ ನಾವು ಏನು ಕೊಟ್ಟಿದ್ದೆವು ಎಂಬ ಪ್ರಶ್ನೆಗೆ ಉತ್ತರಿಸುವುದು ಕಷ್ಟ.

ಗಾಯ, ಕಾಯಿಲೆ ಅಥವಾ ಬೆಳವಣಿಗೆಯ ವಿಳಂಬದಿಂದಾಗಿ ಕೈ, ಕಾಲು, ಮಾತು, ಕಿವಿ, ನುಂಗುವಿಕೆ, ಕಲಿಕೆ ಕುಂಠಿತವಾದ ಮಗುವಿಗೆ ಬೇಕಾದದ್ದು ಪುನರ್ವಸತಿ ಆರೈಕೆ. ನಮ್ಮಲ್ಲಿ ಪುನರ್ವಸತಿ ಎಂದೊಡನೆ ಅಣೆಕಟ್ಟೆಯಲ್ಲಿ ಮುಳುಗಿದ ಊರುಗಳು ನೆನಪಾಗುತ್ತವೆ. ಮಕ್ಕಳ ವಿಷಯದಲ್ಲಿ ಈ ಪದ ಇನ್ನೂ ಮನೆಮಾತಾಗಿಲ್ಲ. ಜನ ಹೇಳುವುದು ‘ವ್ಯಾಯಾಮ’, ‘ಫಿಸಿಯೋ’, ‘ಸ್ಪೀಚ್’, ‘ಥೆರಪಿ’ ಎಂದು. ಹೆಸರು ಏನಾದರೂ ಇರಲಿ, ಅದರ ಸ್ವಭಾವವೊಂದನ್ನು ಮೊದಲೇ ತಿಳಿದುಕೊಳ್ಳಬೇಕು. ಇದು ಒಂದು ಸೂಜಿಗೆ, ಒಂದು ಶಸ್ತ್ರಚಿಕಿತ್ಸೆಗೆ, ಒಂದು ಶಿಬಿರಕ್ಕೆ ಮುಗಿಯುವ ಕೆಲಸವಲ್ಲ. ದಿನಾ ಸ್ವಲ್ಪ ಸ್ವಲ್ಪ, ವರ್ಷಗಟ್ಟಲೆ, ಬಹುಮಟ್ಟಿಗೆ ಮನೆಯಲ್ಲೇ ನಡೆಯಬೇಕಾದ ಕೆಲಸ. ನಮ್ಮ ವ್ಯವಸ್ಥೆ ಮಗುವನ್ನು ಪತ್ತೆ ಮಾಡಿ, ಮುಂದಿನ ಆಸ್ಪತ್ರೆಗೆ ತೋರಿಸಿ ಎಂದು ಚೀಟಿ ಬರೆದುಕೊಡುವುದನ್ನೇ ಕೆಲಸ ಎಂದು ಎಣಿಸುತ್ತಿದೆ. ಅಸಲು ಕೆಲಸ ಶುರುವಾಗುವುದು ಆ ಚೀಟಿಯ ನಂತರ.

ಸೆರೆಬ್ರಲ್ ಪಾಲ್ಸಿಯನ್ನೇ, ಅಂದರೆ ಎಳೆಯ ಮಿದುಳಿಗಾದ ಪೆಟ್ಟಿನಿಂದ ಮಗುವಿನ ಚಲನೆ ಕುಂಠಿತವಾಗುವ ಸ್ಥಿತಿಯನ್ನೇ ತೆಗೆದುಕೊಳ್ಳೋಣ. ಹುಟ್ಟಿದ ಕೂಡಲೇ ಅಳದ ಮಗು, ತಿಂಗಳು ತುಂಬದೆ ಹುಟ್ಟಿದ ಮಗು, ಮೊದಲ ವಾರದಲ್ಲಿ ಕಾಮಾಲೆ ತಲೆಗೇರಿದ ಮಗು, ಮಿದುಳು ಜ್ವರ ಬಂದು ಉಳಿದ ಮಗು – ಇವರಲ್ಲಿ ಕೆಲವರ ಮಿದುಳಿಗೆ ಪೆಟ್ಟಾಗಿರುತ್ತದೆ. ಆ ಪೆಟ್ಟು ಮುಂದೆ ಹೆಚ್ಚುವುದಿಲ್ಲ. ಹೆಚ್ಚುವುದು ಅದರ ಪರಿಣಾಮ. ಬಿಗಿಯಾದ ಸ್ನಾಯುಗಳು ಮೂಳೆ ಬೆಳೆದಷ್ಟು ಬೆಳೆಯುವುದಿಲ್ಲ. ಹಿಮ್ಮಡಿ ಮೇಲೇಳುತ್ತದೆ, ಮೊಣಕಾಲು ಮಡಚಿಕೊಳ್ಳುತ್ತದೆ, ತೊಡೆಮೂಳೆ ಸೊಂಟದ ಕೀಲಿನಿಂದ ಮೆಲ್ಲಗೆ ಜಾರುತ್ತದೆ. ಎರಡನೆಯ ವರ್ಷದಲ್ಲಿ ಕೈಯಿಂದ ಹಿಗ್ಗಿಸಬಹುದಾಗಿದ್ದ ಕಾಲಿಗೆ ಹತ್ತನೆಯ ವರ್ಷದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಇದರಲ್ಲಿ ಸಮಯದ ಲೆಕ್ಕ ಬಹಳ ನಿಷ್ಠುರವಾದದ್ದು. ಕೆನಡಾದ ಒಂಟಾರಿಯೊದಲ್ಲಿ 657 ಮಕ್ಕಳನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಕ್ಷೇತ್ರದಲ್ಲಿ ಇಂದಿಗೂ ಆಧಾರ. ಸೆರೆಬ್ರಲ್ ಪಾಲ್ಸಿಯ ಸೌಮ್ಯ ರೂಪವಿರುವ ಮಗು ತಾನು ಮುಟ್ಟಬಹುದಾದ ಚಲನೆಯ ಸಾಮರ್ಥ್ಯದ ಶೇ 90ರಷ್ಟನ್ನು ಸುಮಾರು ಐದು ವರ್ಷ ತುಂಬುವಷ್ಟರಲ್ಲಿ ಮುಟ್ಟಿರುತ್ತದೆ; ತೀವ್ರ ರೂಪವಿರುವ ಮಗು ಮೂರು ವರ್ಷಕ್ಕೂ ಮೊದಲೇ. ಆನಂತರದ ವ್ಯಾಯಾಮ ವ್ಯರ್ಥವೆಂದು ಇದರ ಅರ್ಥವಲ್ಲ. ಗಳಿಸಿದ್ದನ್ನು ಉಳಿಸಿಕೊಳ್ಳಲು, ಕೀಲು ಜಾರದಂತೆ ಕಾಯಲು ಅದು ಬೇಕೇ ಬೇಕು. ಆದರೆ ಗಳಿಸುವ ಕಾಲ ಮಾತ್ರ ಚಿಕ್ಕದು. ನಮ್ಮಲ್ಲಿ ವೈಕಲ್ಯವಿರುವ ಮಗುವಿಗೆ ಉಚಿತ ಶಿಕ್ಷಣದ ಹಕ್ಕು ಶುರುವಾಗುವುದು ಆರನೆಯ ವರ್ಷಕ್ಕೆ. ಅಷ್ಟರಲ್ಲಿ ಆ ಕಾಲ ಮುಗಿದಿರುತ್ತದೆ.

‘ಇವರಪ್ಪನಿಗೂ ಮಾತು ತಡವಾಗಿಯೇ ಬಂದಿತ್ತು’, ‘ಗಂಡುಮಕ್ಕಳು ಸ್ವಲ್ಪ ನಿಧಾನ’, ‘ಬೆಳೆಯುತ್ತ ಸರಿಹೋಗುತ್ತಾನೆ’. ಈ ಮೂರು ಮಾತುಗಳು ನಮ್ಮ ಮನೆಗಳಲ್ಲಿ ಎಷ್ಟು ಮಕ್ಕಳ ಎಷ್ಟು ತಿಂಗಳುಗಳನ್ನು ನುಂಗಿವೆಯೋ. ಆದ್ದರಿಂದ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಐದು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ನಾಲ್ಕು ತಿಂಗಳ ನಂತರವೂ ಮುಷ್ಟಿ ಸದಾ ಬಿಗಿದೇ ಇದ್ದರೆ, ಆರು ತಿಂಗಳಾದರೂ ಸದ್ದಿನ ಕಡೆ ತಿರುಗದಿದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ದಟ್ಟಡಿ ಇಡದಿದ್ದರೆ, ಎರಡು ವರ್ಷಕ್ಕೂ ಎರಡು ಪದ ಸೇರಿಸಿ ಆಡದಿದ್ದರೆ ಕಾಯಬಾರದು, ತೋರಿಸಬೇಕು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ ‘ಎಡಚನಾಗುತ್ತಾನೆ’ ಎಂದು ಸುಮ್ಮನಾಗಬಾರದು. ಇನ್ನೊಂದು ಕೈಗೆ ಬಲವಿಲ್ಲದಿರಬಹುದು.

ತೋರಿಸುವುದು ಎಲ್ಲಿ? ಕಾಗದದ ಮೇಲೆ ವ್ಯವಸ್ಥೆ ಚೆನ್ನಾಗಿಯೇ ಇದೆ. ಬಾಣಂತಿ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 42 ದಿನಗಳವರೆಗೆ ಹಲವು ಬಾರಿ ಮನೆಗೆ ಬರಬೇಕು. ಮಗುವಿಗೆ 3, 6, 9, 12 ಮತ್ತು 15 ತಿಂಗಳಾದಾಗ ಮತ್ತೆ ಬರಬೇಕೆಂಬ ಕಾರ್ಯಕ್ರಮ 2018ರಲ್ಲಿ ಸೇರಿಕೊಂಡಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಜನ್ಮದೋಷ, ಪೋಷಕಾಂಶ ಕೊರತೆ, ಬಾಲ್ಯದ ಕಾಯಿಲೆ, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಗುಂಪುಗಳಡಿ ಸುಮಾರು 30 ತೊಂದರೆಗಳ ಪಟ್ಟಿ ಅವರ ಬಳಿ ಇರುತ್ತದೆ. ತೊಂದರೆ ಕಂಡ ಮಗುವನ್ನು ಜಿಲ್ಲಾ ಆಸ್ಪತ್ರೆಯ ಆವರಣದಲ್ಲಿರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಎಲ್ಲರೂ ಡಿ.ಇ.ಐ.ಸಿ. ಎಂದು ಕರೆಯುವ ಜಾಗಕ್ಕೆ ಕಳುಹಿಸಬೇಕು. ಅಲ್ಲಿ ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಶ್ರವಣ ಮತ್ತು ವಾಕ್ ತಜ್ಞರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಒಂದೇ ಸೂರಿನಡಿ ಇರಬೇಕೆಂಬುದು ಯೋಜನೆ.

ಯೋಜನೆ ಒಳ್ಳೆಯದು, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಹುದ್ದೆ ಮಂಜೂರಾಗಿರುವುದು ಬೇರೆ, ಕುರ್ಚಿಯಲ್ಲಿ ಜನ ಕುಳಿತಿರುವುದು ಬೇರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆಯ ಸಂಬಳಕ್ಕೆ, ಬೆಂಗಳೂರು ಮಂಗಳೂರುಗಳಲ್ಲಿ ಓದಿದ ಥೆರಪಿಸ್ಟ್‌ಗಳು ದೂರದ ಜಿಲ್ಲೆಗೆ ಬಂದು ನಿಲ್ಲುವುದು ಕಷ್ಟ. ಬಂದವರೂ ನಗರದ ಖಾಸಗಿ ಕೆಲಸ ಸಿಕ್ಕೊಡನೆ ಹೊರಡುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ದೂರದ್ದು. ಜಿಲ್ಲಾ ಕೇಂದ್ರ ಮಗುವನ್ನು ಪರೀಕ್ಷಿಸಿ ಹೆಸರಿಡಲು ಸರಿಯಾದ ಜಾಗ. ವಾರಕ್ಕೆರಡು ಬಾರಿ ಹೋಗಿ ಬರುವ ಜಾಗವಲ್ಲ.

ಕಾನೂನಿನ ಪದಗಳನ್ನೇ ನೋಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಒಂದು ದೊಡ್ಡ ಹೆಜ್ಜೆ. 1995ರ ಕಾಯ್ದೆಯಲ್ಲಿದ್ದ ಏಳು ಬಗೆಯ ವೈಕಲ್ಯಗಳ ಪಟ್ಟಿಯನ್ನು ಅದು 21ಕ್ಕೆ ಏರಿಸಿತು. ಅದರ 25ನೆಯ ಸೆಕ್ಷನ್ ಎಲ್ಲ ಮಕ್ಕಳನ್ನೂ ವರ್ಷಕ್ಕೆ ಒಮ್ಮೆಯಾದರೂ ತಪಾಸಣೆ ಮಾಡಬೇಕು ಎನ್ನುತ್ತದೆ. ಆದರೆ ಪುನರ್ವಸತಿಯ ಬಗ್ಗೆ ಹೇಳುವ 27ನೆಯ ಸೆಕ್ಷನ್ನಿಗೆ ಬಂದಾಗ, ಸರ್ಕಾರಗಳು ಮತ್ತು ಸ್ಥಳೀಯ ಸಂಸ್ಥೆಗಳು ‘ತಮ್ಮ ಆರ್ಥಿಕ ಸಾಮರ್ಥ್ಯ ಮತ್ತು ಅಭಿವೃದ್ಧಿಯ ಮಿತಿಯೊಳಗೆ’ ಅದನ್ನು ಕೈಗೊಳ್ಳಬೇಕು ಎಂಬ ಮಾತು ಸೇರಿಕೊಳ್ಳುತ್ತದೆ. ತಪಾಸಣೆಗೆ ವರ್ಷದ ಲೆಕ್ಕವಿದೆ, ಆರೈಕೆಗೆ ಕೈಲಾದಷ್ಟು ಎಂಬ ವಿನಾಯಿತಿಯಿದೆ. ಚೀಟಿಯ ನಂತರದ ದಾರಿ ಏಕೆ ಸವೆದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿಯೇ ಇದೆ.

ಈಗ ಒಂದು ಸಣ್ಣ ಗಣಿತ. ಮಗುವನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಥೆರಪಿಗೆ ಕರೆದೊಯ್ದರೆ ವರ್ಷಕ್ಕೆ 26 ಗಂಟೆ. ಹಳ್ಳಿಯಿಂದ ತಿಂಗಳಿಗೊಮ್ಮೆ ಮಾತ್ರ ಸಾಧ್ಯವಾದರೆ ವರ್ಷಕ್ಕೆ ಆರು ಗಂಟೆ. ಅದೇ ತಾಯಿ ಮನೆಯಲ್ಲಿ ದಿನಕ್ಕೆ ಐದು ಬಾರಿ ಹತ್ತು ಹತ್ತು ನಿಮಿಷ ಮಾಡಿಸಿದರೆ ವರ್ಷಕ್ಕೆ 300 ಗಂಟೆ ದಾಟುತ್ತದೆ. ಹಾಗಾದರೆ ಥೆರಪಿಸ್ಟ್‌ನ ಮುಖ್ಯ ಕೆಲಸ ಮಗುವಿನ ಕಾಲು ಹಿಗ್ಗಿಸುವುದಲ್ಲ, ಹಿಗ್ಗಿಸುವುದನ್ನು ತಾಯಿಗೆ ಕಲಿಸುವುದು, ಕಲಿತದ್ದು ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡುವುದು, ಮಗು ಬೆಳೆದಂತೆ ಬದಲಿಸುವುದು.

ಕಳೆದ ವರ್ಷ ಒಂದು ತಾಲ್ಲೂಕು ಊರಿನ ಥೆರಪಿ ಕೋಣೆಯಲ್ಲಿ ಅರ್ಧ ದಿನ ಕುಳಿತಿದ್ದೆ. ಹಳೆಯ ಔಷಧ ದಾಸ್ತಾನಿನ ಕೋಣೆ. ನೆಲಕ್ಕೆ ಎರಡು ಚಾಪೆ, ಒಂದು ದೊಡ್ಡ ಚೆಂಡು, ಗೋಡೆಗೆ ಕನ್ನಡಿ. ಮೂರು ವರ್ಷದ ಮಗನನ್ನು ಸೊಂಟದಲ್ಲಿ ಹೊತ್ತು ಬಂದಿದ್ದ ಹೆಂಗಸು ‘ಇವನು ತಿಂಗಳಿಗೊಮ್ಮೆ ನಿಮೋನಿಯಾ ಎಂದು ಮಲಗುತ್ತಾನೆ, ತೂಕವೇ ಹತ್ತುವುದಿಲ್ಲ’ ಎಂದರು. ಥೆರಪಿಸ್ಟ್ ಕಾಲನ್ನು ಮುಟ್ಟಲಿಲ್ಲ. ‘ಊಟ ಹೇಗೆ ಮಾಡಿಸುತ್ತೀರಿ, ತೋರಿಸಿ ಅಕ್ಕ’ ಎಂದರು. ತಾಯಿ ಕಾಲು ಚಾಚಿ ಕುಳಿತು, ಮಗನನ್ನು ಅಂಗಾತ ಮಲಗಿಸಿಕೊಂಡು, ತಲೆಯನ್ನು ಹಿಂದಕ್ಕೆ ವಾಲಿಸಿ, ರಾಗಿ ಗಂಜಿಯನ್ನು ಬಾಯಿಗೆ ಸುರಿಯತೊಡಗಿದರು. ಎಳೆಕೂಸಿಗೆ ಒಳಲೆಯಲ್ಲಿ ಹಾಲು ಹಾಕುವುದನ್ನು ಕಂಡು ಬೆಳೆದ ಕೈ ಅದು. ಮಗು ಕೆಮ್ಮಿತು, ಕಣ್ಣು ಕೆಂಪಾಯಿತು, ಗಂಜಿಯ ಒಂದು ಪಾಲು ಶ್ವಾಸನಾಳದ ಕಡೆಗೇ ಹೋಗುತ್ತಿತ್ತು.

ಥೆರಪಿಸ್ಟ್ ಮಗುವನ್ನು ಕೋಣೆಯ ಮೂಲೆಗೆ ಒಯ್ದರು. ಎರಡು ಗೋಡೆ ಕೂಡುವ ಜಾಗಕ್ಕೆ ಬೆನ್ನು ಆನಿಸಿ, ಎರಡೂ ಪಕ್ಕಕ್ಕೆ ಸುತ್ತಿದ ಕಂಬಳಿ ಇಟ್ಟು, ಮೊಣಕಾಲ ಕೆಳಗೆ ಒಂದು ಟವೆಲ್ ಸುರುಳಿ ಇಟ್ಟು ಕೂರಿಸಿದರು. ಗದ್ದ ತುಸು ಎದೆಯ ಕಡೆ ಬಾಗಿರಬೇಕು, ಚಮಚ ಮೇಲಿನಿಂದಲ್ಲ, ಎದುರಿನಿಂದ, ಕೆಳಗಿನಿಂದ ಬರಬೇಕು, ಗಂಜಿ ಇನ್ನೂ ಗಟ್ಟಿಯಿರಬೇಕು, ಒಂದು ತುತ್ತು ನುಂಗಿದ್ದನ್ನು ನೋಡಿದ ಮೇಲೆಯೇ ಇನ್ನೊಂದು ತುತ್ತು. ಏಳೆಂಟು ತುತ್ತಿನವರೆಗೆ ಮಗು ಕೆಮ್ಮಲಿಲ್ಲ. ‘ಮೂರು ವರ್ಷದಿಂದ ಇದನ್ನು ಯಾರೂ ಹೇಳಲಿಲ್ಲವಲ್ಲ’ ಎಂದ ತಾಯಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. ಆ ಕೋಣೆಯಲ್ಲಿ ಯಂತ್ರಗಳೇನೂ ಇರಲಿಲ್ಲ. ಬೇಕಾದದ್ದು ಎರಡು ಗೋಡೆ, ಒಂದು ಕಂಬಳಿ, ಮತ್ತು ಗೊತ್ತಿರುವ ಒಬ್ಬ ಮನುಷ್ಯ. ಆ ಮೂರರಲ್ಲಿ ಮೂರನೆಯದೇ ನಮ್ಮ ತಾಲ್ಲೂಕುಗಳಲ್ಲಿ ಇಲ್ಲದಿರುವುದು.

ತಾಯಿಗೆ ಕಲಿಸಿದರೆ ಸಾಕು ಎಂದರೂ ಆಗುವುದಿಲ್ಲ. ಆಕೆಯ ದಿನದಲ್ಲಿ ಆ ಐವತ್ತು ನಿಮಿಷ ಎಲ್ಲಿಂದ ಬರಬೇಕು? ಕೂಲಿಗೆ ಹೋಗಬೇಕು, ನೀರು ತುಂಬಬೇಕು, ಇನ್ನೊಂದು ಮಗುವನ್ನು ಶಾಲೆಗೆ ಕಳುಹಿಸಬೇಕು. ‘ಹೋಂ ಪ್ರೋಗ್ರಾಂ ಮಾಡಿಸುತ್ತಿಲ್ಲ’ ಎಂದು ಕಡತದಲ್ಲಿ ಬರೆದು ತಪ್ಪನ್ನು ತಾಯಿಯ ಮೇಲೆ ಹಾಕುವ ಅಭ್ಯಾಸ ನಮ್ಮ ಆಸ್ಪತ್ರೆಗಳಲ್ಲಿದೆ; ಅದು ಅನ್ಯಾಯ. ಒಳ್ಳೆಯ ಥೆರಪಿಸ್ಟ್‌ಗಳು ವ್ಯಾಯಾಮವನ್ನು ದಿನಚರಿಯೊಳಗೇ ಹುದುಗಿಸುತ್ತಾರೆ. ಸ್ನಾನಕ್ಕೆ ಎಣ್ಣೆ ಹಚ್ಚುವಾಗಲೇ ಹಿಮ್ಮಡಿಯ ಸ್ನಾಯುರಜ್ಜು ಹಿಗ್ಗಿಸುವುದು, ಮಗುವನ್ನು ಸೊಂಟದಲ್ಲಿ ಎತ್ತಿಕೊಳ್ಳುವಾಗ ಕಾಲುಗಳನ್ನು ಅಗಲಿಸಿ ಕೂರಿಸಿಕೊಳ್ಳುವುದು, ಚಪಾತಿ ಹಿಟ್ಟಿನ ಉಂಡೆಯನ್ನು ಹಿಸುಕಲು ಕೊಟ್ಟು ಮುಷ್ಟಿ ಬಿಡಿಸುವುದು. ಇವಕ್ಕೆ ಬೇರೆ ಹೊತ್ತು ಬೇಡ. ಆದರೆ ಇದನ್ನು ಹೇಳಿಕೊಡಲು ಆ ಮನೆಯ ದಿನಚರಿ ಗೊತ್ತಿರಬೇಕು, ಅದಕ್ಕೆ ಹತ್ತಿರದಲ್ಲಿರಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೆ ಸರ್ಕಾರಿ ಬಸ್ಸಿನ ಟಿಕೆಟ್ ಖರ್ಚು ತಪ್ಪಿದೆ. ಇದನ್ನು ಸಣ್ಣ ಮಾತೆಂದು ತಳ್ಳಿಹಾಕಬಾರದು. ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವ ಖರ್ಚಿಗಾಗಿ ಗಂಡನನ್ನು ಕೇಳಬೇಕಾಗಿದ್ದ ಹೆಂಗಸು ಈಗ ಕೇಳದೆ ಹೊರಡಬಲ್ಲಳು. ಆದರೆ ಒಂದು ದಿನದ ಕೂಲಿ ಹೋಗುವುದು ಹೋಗಿಯೇ ಹೋಗುತ್ತದೆ. ಕಾಲು ಬಿಗಿದ ಹದಿನಾಲ್ಕು ಕಿಲೋ ಮಗುವನ್ನು ಎತ್ತಿಕೊಂಡು ತುಂಬಿದ ಬಸ್ಸಿನಲ್ಲಿ ಎರಡು ಗಂಟೆ ನಿಂತು ಹೋಗಿ, ಅಲ್ಲಿ ‘ಇಂದು ಮೇಡಂ ರಜೆ’ ಎಂದು ಕೇಳಿಸಿಕೊಂಡು ಬಂದ ತಾಯಿ ಇನ್ನೊಮ್ಮೆ ಹೊರಡುವ ಮೊದಲು ನೂರು ಬಾರಿ ಯೋಚಿಸುತ್ತಾಳೆ.

ಮಾತಿನ ವಿಷಯಕ್ಕೆ ಬರುತ್ತೇನೆ, ಇದು ನನ್ನ ಮನೆಗೂ ತಟ್ಟಿದ ವಿಷಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಡೀ ದೇಶಕ್ಕೆ ಹಿರಿಯ ಕೇಂದ್ರ. ಮಕ್ಕಳ ಥೆರಪಿಗಾಗಿ ದೂರದ ಜಿಲ್ಲೆಗಳಿಂದ ಬಂದು ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ತಿಂಗಳುಗಟ್ಟಲೆ ಇರುವ ತಾಯಂದಿರಿದ್ದಾರೆ. ಕಿವಿ ಕೇಳದ ಮಗುವಿಗೆ ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭ ಎಂಬುದು ಜಗತ್ತು ಒಪ್ಪಿದ ಗಡುವು. ರಾಜ್ಯದ ಶ್ರವಣ ಸಂಜೀವಿನಿ ಯೋಜನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆಯಿಂದ ಒಳಗಿವಿಗೆ ಅಳವಡಿಸುವ ಶ್ರವಣ ಸಾಧನ, ಉಚಿತ. ಆದರೆ ಅಲ್ಲಿಯೂ ಶಸ್ತ್ರಚಿಕಿತ್ಸೆ ಎಂಬುದು ಕೆಲಸದ ಆರಂಭ ಅಷ್ಟೇ. ಉಪಕರಣವನ್ನು ಚಾಲೂ ಮಾಡಿದ ದಿನ ಮಗುವಿಗೆ ಕೇಳಿಸುವುದು ಮಾತಲ್ಲ, ಗದ್ದಲ. ಆ ಗದ್ದಲದೊಳಗಿಂದ ‘ಅಮ್ಮ’ ಎಂಬುದನ್ನು ಹೆಕ್ಕುವುದನ್ನು ಅದು ಕಲಿಯಬೇಕು, ಒಂದೆರಡು ವರ್ಷ, ಬಿಡದೆ.

ನನ್ನ ತಂಗಿಯ ಮಗನಿಗೆ ಕಿವಿ ಸರಿಯಿತ್ತು, ಎರಡೂವರೆ ವರ್ಷಕ್ಕೂ ಮಾತು ಬಂದಿರಲಿಲ್ಲ. ಬೆಂಗಳೂರಿನ ಒಂದು ಖಾಸಗಿ ಕೇಂದ್ರದಲ್ಲಿ ‘ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿ ಇಂಗ್ಲಿಷ್ ಒಂದನ್ನೇ ಮಾತನಾಡಿ’ ಎಂದರು. ಥೆರಪಿ ಇಂಗ್ಲಿಷಿನಲ್ಲಿ, ಮುಂದೆ ಶಾಲೆಯೂ ಇಂಗ್ಲಿಷಿನಲ್ಲಿ ಎಂಬ ಲೆಕ್ಕ. ಮನೆಯಲ್ಲಿ ದಿನವಿಡೀ ಮಗುವಿನ ಜೊತೆ ಇರುತ್ತಿದ್ದವಳು ನನ್ನ ಅಮ್ಮ. ಆಕೆಗೆ ಇಂಗ್ಲಿಷ್ ಬಾರದು. ‘ಕಾಕಾ ಬಾ, ಗುಬ್ಬಿ ಬಾ’ ಎಂದು ಕಿಟಕಿಯ ಬಳಿ ಎತ್ತಿಕೊಂಡು ಉಣಿಸುತ್ತಿದ್ದವಳು ಬಾಯಿ ಕಟ್ಟಿಕೊಂಡು ಉಣಿಸತೊಡಗಿದಳು. ಆರು ತಿಂಗಳು ಆ ಮನೆಯಲ್ಲಿ ಮಗುವಿನ ಸುತ್ತ ಮಾತೇ ಕಡಿಮೆಯಾಯಿತು. ಮಾತು ಬರಬೇಕಾದ ಮಗುವಿಗೆ ನಾವು ಕೊಟ್ಟ ಚಿಕಿತ್ಸೆ ಮೌನ! ಆಮೇಲೆ ಬೇರೊಬ್ಬ ವಾಕ್ ತಜ್ಞೆ ಮೊದಲ ದಿನವೇ ಕೇಳಿದರು: ‘ಇವನ ಜೊತೆ ಹೆಚ್ಚು ಹೊತ್ತು ಇರುವವರು ಯಾರು? ಅವರನ್ನು ಕರೆದುಕೊಂಡು ಬನ್ನಿ.’ ಅಮ್ಮ ಹೋದಳು. ಅಮ್ಮನಿಗೆ ಅವರು ಹೇಳಿಕೊಟ್ಟದ್ದು ಇಷ್ಟೇ: ತುತ್ತು ಕೊಡುವ ಮೊದಲು ಹತ್ತು ಎಣಿಸುವಷ್ಟು ಕಾಯುವುದು, ಮಗು ನೋಡಿದ್ದನ್ನು ಹೆಸರಿಸುವುದು, ಹಾಡಿನ ಕೊನೆಯ ಪದವನ್ನು ಬಿಟ್ಟು ಅವನ ಮುಖ ನೋಡುವುದು.

ಎರಡು ಭಾಷೆ ಕೇಳಿಸಿಕೊಂಡರೆ ಮಾತು ತಡವಾಗುತ್ತದೆ ಎಂಬುದಕ್ಕೆ, ಆಟಿಸಂ ಇರುವ ಮಕ್ಕಳಲ್ಲಿ ಕೂಡ, ಸಂಶೋಧನೆಯ ಬೆಂಬಲವಿಲ್ಲ. ಮನೆಯಲ್ಲಿ ತುಳು, ಉರ್ದು, ಲಂಬಾಣಿ, ಕೊಂಕಣಿ ಆಡುವ ಮಗುವಿಗೆ ‘ಕನ್ನಡ ಒಂದನ್ನೇ ಆಡಿ’ ಎನ್ನುವುದೂ ಇಷ್ಟೇ ತಪ್ಪು. ಮಗುವಿನೊಂದಿಗೆ ಯಾರಿಗೆ ಹೆಚ್ಚು ಮಾತು ಬರುತ್ತದೆಯೋ ಅವರ ಭಾಷೆಯೇ ಆ ಮಗುವಿನ ಥೆರಪಿಯ ಭಾಷೆ.

ಗಾಯಗೊಂಡ ಮಕ್ಕಳ ಪಾಡು ಇನ್ನೊಂದು ಬಗೆಯದು. ನೆಲದ ಮೇಲಿಟ್ಟ ಸಾರಿನ ಪಾತ್ರೆಗೆ, ಬಚ್ಚಲ ಹಂಡೆಯ ಬಿಸಿನೀರಿಗೆ ಬಿದ್ದು ಸುಟ್ಟುಕೊಂಡ ಮಗುವಿನ ಚರ್ಮ ಮಾಯುತ್ತದೆ. ಮಾಯುವಾಗ ಅದು ಸಂಕುಚಿಸುತ್ತದೆ. ಆ ತಿಂಗಳುಗಳಲ್ಲಿ ಮೊಣಕೈಯನ್ನು ಸ್ಪ್ಲಿಂಟ್ ಕಟ್ಟಿ ನೇರವಾಗಿ ಇಡದಿದ್ದರೆ, ದಿನಾ ಬಿಡಿಸಿ ಚಾಚಿಸದಿದ್ದರೆ, ಕೈ ಮಡಚಿದ ಹಾಗೆಯೇ ಅಂಟಿಕೊಳ್ಳುತ್ತದೆ. ನೋವಿಗೆ ಮಗು ಕೈ ಮಡಚಿಕೊಂಡೇ ಮಲಗುತ್ತದೆ, ಅಳುವುದನ್ನು ನೋಡಲಾರದೆ ಮನೆಯವರು ಬಿಡಿಸುವುದಿಲ್ಲ. ಜೀವ ಉಳಿಸಿದ ಆಸ್ಪತ್ರೆಯ ದಾಖಲೆಯಲ್ಲಿ ಅದು ಗುಣಮುಖವಾದ ಪ್ರಕರಣ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಖರ್ಚು ಭರಿಸುವ ಆಯುಷ್ಮಾನ್ ಯೋಜನೆಯ ರಾಷ್ಟ್ರೀಯ ಚೌಕಟ್ಟಿನಲ್ಲಿ ಬಿಡುಗಡೆಯ ನಂತರದ ಖರ್ಚಿಗೆ ಇರುವ ಅವಧಿ 15 ದಿನ. ಸುಟ್ಟ ಗಾಯದ ಕಲೆ ಬಲಿಯಲು ಒಂದು ವರ್ಷವೇ ಬೇಕು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಥೆರಪಿಯ ಖರ್ಚನ್ನೂ ಒಳಗೊಳ್ಳುತ್ತದೆ, ಆದರೆ ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ಮಾತ್ರ. ಸುಟ್ಟ ಕೈಗೆ ಅದು ಸಿಗದು.

ಸರ್ಕಾರದ ದಾರಿ ದೂರವಾದಲ್ಲಿ ಮಾರುಕಟ್ಟೆ ಬಾಗಿಲು ತೆರೆಯುತ್ತದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ ಇರುವ ಮಕ್ಕಳಿಗೆ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೀಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಈ ತೊಂದರೆಗಳಿಗೆ ಅದು ಒಪ್ಪಿತ ಚಿಕಿತ್ಸೆಯಲ್ಲ. ಜಮೀನು ಮಾರಿ, ಬಂಗಾರ ಅಡವಿಟ್ಟು ಆ ಸೂಜಿ ಹಾಕಿಸಿದವರು ಓದಿದವರು, ಪಟ್ಟಣದವರು. ತಾಜಸುಲ್ತಾನಪುರದ ಗುಂಡಿಗೂ ಇದಕ್ಕೂ ನನಗೆ ಕಾಣುವ ವ್ಯತ್ಯಾಸ ಬಿಲ್ಲಿನ ಮೊತ್ತದ್ದು ಮಾತ್ರ. ಎರಡರ ಬೇರೂ ಒಂದೇ: ಒಂದೇ ಸಲಕ್ಕೆ ಗುಣವಾಗುತ್ತದೆ ಎಂಬ ಆಸೆ. ದಿನಾ ಸ್ವಲ್ಪ ಸ್ವಲ್ಪ ಆಗುವ ಬದಲಾವಣೆಯನ್ನು ಕಣ್ಣಾರೆ ತೋರಿಸಿಕೊಡುವವರು ಜೊತೆಗಿಲ್ಲದಿದ್ದರೆ ಆ ಆಸೆಯನ್ನು ಯಾರು ತಡೆದಾರು?

ಬಿಡದೆ ಹಿಂದೆ ಬಿದ್ದರೆ ಕೆಲಸ ಆಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರೇ ಒಂದು ಉದಾಹರಣೆಯಿದೆ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿರುವ ಸೊಟ್ಟಗಾಲಿಗೆ ಪೊನ್ಸೆಟಿ ಪದ್ಧತಿಯಲ್ಲಿ ವಾರಕ್ಕೊಮ್ಮೆ ಕೈಯಿಂದ ಪಾದ ತಿದ್ದಿ ಪ್ಲಾಸ್ಟರ್ ಹಾಕುತ್ತಾರೆ. ಐದಾರು ಪ್ಲಾಸ್ಟರ್, ಬಹುತೇಕ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಒಂದು ಪುಟ್ಟ ಕೊಯ್ತ, ಆಮೇಲೆ ಪಟ್ಟಿಗೆ ಜೋಡಿಸಿದ ಬೂಟು: ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ನಂತರ ನಾಲ್ಕು ವರ್ಷದವರೆಗೆ ನಿದ್ದೆಯ ಹೊತ್ತಿನಲ್ಲಿ ಮಾತ್ರ. ಬೂಟು ಬಿಟ್ಟರೆ ಪಾದ ಮತ್ತೆ ತಿರುಗುತ್ತದೆ. ಆದ್ದರಿಂದ ಈ ಚಿಕಿತ್ಸೆ ಚೆನ್ನಾಗಿ ನಡೆಯುವ ಕಡೆಗಳಲ್ಲಿ ವಾರದ ಒಂದು ಗೊತ್ತಾದ ದಿನವಿರುತ್ತದೆ, ಬಾರದ ಮಗುವಿನ ಮನೆಗೆ ಫೋನ್ ಹೋಗುತ್ತದೆ, ಬೂಟು ಚಿಕ್ಕದಾದರೆ ಬೇರೆ ಜೊತೆ ಸಿಗುತ್ತದೆ. ಸೊಟ್ಟಗಾಲಿನಲ್ಲಿ ಹುಟ್ಟಿದ ಮಕ್ಕಳು ಓಡಾಡುವುದನ್ನು ನಾನು ಕಂಡಿದ್ದೇನೆ. ಅಲ್ಲಿ ಗೆದ್ದದ್ದು ಪ್ಲಾಸ್ಟರ್‌ನಷ್ಟೇ ಆ ಫೋನ್ ಕೂಡ.

ಹಾಗಾದರೆ ಏನು ಮಾಡಬೇಕು? ಹೊಸ ಕಟ್ಟಡ ಬೇಡ. ಕರ್ನಾಟಕದಲ್ಲಿ ಶಿಶು ಮರಣ ಪ್ರಮಾಣ 2011ರಲ್ಲಿ ಸಾವಿರಕ್ಕೆ 35 ಇದ್ದದ್ದು 2020ಕ್ಕೆ 19ಕ್ಕೆ ಇಳಿಯಿತು. ಹಿಂದೆ ಉಳಿಯದಿದ್ದ ಎಷ್ಟೋ ಪುಟ್ಟ ಶಿಶುಗಳು ಈಗ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಿಂದ ಜೀವಂತ ಮನೆಗೆ ಬರುತ್ತಿವೆ. ಅಪಾಯದ ಅಂಚಿನಲ್ಲಿರುವ ಆ ಮಕ್ಕಳ ಹೆಸರು ಮತ್ತು ವಿಳಾಸ ಬಿಡುಗಡೆಯ ದಿನವೇ ಆಸ್ಪತ್ರೆಯ ಬಳಿ ಇರುತ್ತದೆ. ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಅಂಗನವಾಡಿಯ ತಪಾಸಣೆಗೆ ಕಾಯದೆ ಆ ಪಟ್ಟಿಯಿಂದಲೇ ಮನೆ ಭೇಟಿ ಶುರುವಾಗಬೇಕು. ಪ್ರಮಾಣಪತ್ರಕ್ಕೂ ಕಾಯಬಾರದು: ಬೆಳವಣಿಗೆಯ ವಿಳಂಬಕ್ಕೆ ಒಂದು ವರ್ಷ ತುಂಬುವ ಮೊದಲು ಪ್ರಮಾಣಪತ್ರ ಕೊಡುವುದೇ ಇಲ್ಲ, ಥೆರಪಿ ಹೆಚ್ಚು ಫಲ ಕೊಡುವುದು ಆ ವರ್ಷದಲ್ಲಿಯೇ. ತಾಲ್ಲೂಕಿಗೆ ಒಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ವಾಕ್ ತಜ್ಞ ಕಾಯಂ ಆಗಿ ಇರಬೇಕು, ವಾರದ ಒಂದೊಂದು ದಿನ ಒಂದೊಂದು ಹೋಬಳಿಗೆ ಹೋಗಬೇಕು. ಸಮಗ್ರ ಶಿಕ್ಷಣದಡಿ ಮನೆಗೇ ಹೋಗಿ ಪಾಠ ಹೇಳುವ ಸಂಪನ್ಮೂಲ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಥೆರಪಿಸ್ಟ್‌ಗಳು ತಮ್ಮ ತಮ್ಮ ಮೂರು ಪಟ್ಟಿ ಹಿಡಿದು ಒಂದೇ ಮಗುವಿನ ಮನೆಗೆ ಬೇರೆ ಬೇರೆಯಾಗಿ ಹೋಗುವುದು ನಿಲ್ಲಬೇಕು.

ಬೇರೆ ರಾಜ್ಯಗಳಲ್ಲಿ ಅಷ್ಟಾಗಿ ಕಾಣದ ಒಂದು ಅನುಕೂಲ ನಮಗಿದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರ ಮೇಲೆ ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ವಿ.ಆರ್.ಡಬ್ಲ್ಯು., ಎಂ.ಆರ್.ಡಬ್ಲ್ಯು. ಎಂದೇ ಊರಿನಲ್ಲಿ ಹೆಸರು. ಇವರು ಸ್ವತಃ ಅಂಗವೈಕಲ್ಯವಿರುವವರು, ಅದೇ ಊರಿನವರು, ಗೌರವಧನಕ್ಕೆ ದುಡಿಯುವವರು. ಪಂಚಾಯಿತಿಯ ಅನುದಾನದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವೂ ಇದೆ. ಆ ಹಣ ಹೆಚ್ಚಾಗಿ ವರ್ಷದ ಕೊನೆಯಲ್ಲಿ ತ್ರಿಚಕ್ರ ವಾಹನ, ಸಾಧನ ಸಲಕರಣೆಗಳ ವಿತರಣೆಯಾಗಿ, ಒಂದು ಫೋಟೊ ಆಗಿ ಮುಗಿಯುತ್ತದೆ. ಅದೇ ಹಣದಲ್ಲಿ ಮಗುವಿನ ಬೆನ್ನಿಗೆ, ಪಕ್ಕಕ್ಕೆ ಆಸರೆ ಕೊಡುವ ಮೂಲೆ ಕುರ್ಚಿ, ಅಂಗಳದಲ್ಲಿ ಬಿದಿರಿನ ಸಮಾನಾಂತರ ಕಂಬಿ, ಥೆರಪಿಸ್ಟ್ ಬರುವ ದಿನ ಮಕ್ಕಳನ್ನು ಕರೆತರಲು ಒಂದು ಆಟೊ, ಅಂದು ಕೂಲಿ ಬಿಟ್ಟು ಬರುವ ತಾಯಿಗೆ ಒಂದಿಷ್ಟು ಭತ್ಯೆ ಕೊಡಲು ಪಂಚಾಯಿತಿಗಳಿಗೆ ಸ್ಪಷ್ಟ ಆದೇಶ ಬೇಕು. ಗ್ರಾಮಸಭೆಯಲ್ಲಿ ಕೇಳಬಹುದಾದ ಪ್ರಶ್ನೆ ಇದು, ಯಾರು ಬೇಕಾದರೂ ಕೇಳಬಹುದು.

ತುಮಕೂರು ಕಡೆಯ ಒಬ್ಬ ವಿ.ಆರ್.ಡಬ್ಲ್ಯು. ತನ್ನ ನೋಟ್‌ಬುಕ್ ತೋರಿಸಿದರು. ಪೋಲಿಯೊದಿಂದ ಒಂದು ಕಾಲು ಸೊರಗಿದೆ, ನಾಲ್ಕು ಚಕ್ರಕ್ಕೆ ಮಾರ್ಪಡಿಸಿದ ಸ್ಕೂಟರಿನಲ್ಲಿ ಓಡಾಡುತ್ತಾರೆ. ಪಂಚಾಯಿತಿಯಲ್ಲಿ ಹದಿನಾಲ್ಕು ವರ್ಷದೊಳಗಿನ ಹನ್ನೊಂದು ಮಕ್ಕಳು. ಇಲಾಖೆ ಕೇಳುವ ಕಲಂಗಳನ್ನು ಶಾಯಿಯಲ್ಲಿ ಗೆರೆ ಎಳೆದು ತುಂಬಿದ್ದರು: ಹೆಸರು, ವೈಕಲ್ಯದ ಶೇಕಡಾವಾರು, ಗುರುತಿನ ಚೀಟಿ ಸಂಖ್ಯೆ, ಮಾಸಾಶನ, ಕೊಟ್ಟ ಸಾಧನ. ಅಂಚಿನಲ್ಲಿ ಪೆನ್ಸಿಲಿನಿಂದ ತಾವೇ ಇನ್ನೊಂದು ಗೆರೆ ಎಳೆದು ಒಂದು ಕಲಂ ಸೇರಿಸಿಕೊಂಡಿದ್ದರು, ‘ಈ ವಾರ ವ್ಯಾಯಾಮ’ ಎಂದು. ಹನ್ನೊಂದರಲ್ಲಿ ನಾಲ್ಕರ ಎದುರು ಸರಿ ಗುರುತಿತ್ತು. ‘ಇದನ್ನು ಮೇಲೆ ಯಾರೂ ಕೇಳುವುದಿಲ್ಲ ಸರ್, ನನಗೇ ಬೇಕೆಂದು ಬರೆದುಕೊಳ್ಳುತ್ತೇನೆ’ ಎಂದರು. ಉಳಿದ ಏಳು ಮನೆಗಳಲ್ಲಿ ಎರಡು ಊರ ಹೊರಗಿನ ತೋಟದ ಕಡೆಗಿದ್ದವು. ಮಳೆ ಬಂದರೆ ಆ ದಾರಿಯಲ್ಲಿ ಸ್ಕೂಟರ್ ಹೋಗುವುದಿಲ್ಲವೆಂದು, ಮೋಡ ನೋಡಿ, ಮೊದಲು ಅತ್ತ ಹೊರಟರು.